ನಿರ್ಮಿತ ಜೌಗು ಪ್ರದೇಶಗಳ ಮೂಲಕ ಕಲುಷಿತ ನೀರಿನ ಸಾರಜನಕ ನಿವಾರಣೆ

ಪೀಠಿಕೆ

ಗೃಹಬಳಕೆಯ ಕೊಳಚೆ ನೀರಿನಲ್ಲಿ ಸಾರಜನಕವು ಮುಖ್ಯವಾಗಿ ಅಮೋನಿಯಾ ಹಾಗೂ ಸಾವಯವ ಸಂಯುಕ್ತಗಳ ರೂಪದಲ್ಲಿರುತ್ತದೆ. ಇದು ಕೆರೆಗಳನ್ನು ಸೇರಿದಾಗ ಪಾಚಿ ಹಾಗೂ ಜಲಕಳೆಗಳು ಹೆಚ್ಚಿ, ನೀರಿನಲ್ಲಿ ಕರಗಿದ ಆಮ್ಲಜನಕವು ಕುಗ್ಗಿ, ಮೀನುಗಳು ಸಾಯುತ್ತವೆ. ನೈಟ್ರೇಟ್ ರೂಪದಲ್ಲಿ ಅಂತರ್ಜಲಕ್ಕೆ ಇಳಿದರೆ ಬಾವಿಯ ನೀರು ಹಸುಗೂಸುಗಳಿಗೆ ಅಪಾಯಕಾರಿಯಾಗುತ್ತದೆ. ಕುದಿಸುವುದರಿಂದ ನೈಟ್ರೇಟ್ ನಿವಾರಣೆಯಾಗುವುದಿಲ್ಲ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಪ್ರಮಾಣವು ಪ್ರತಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು.

ನಿರ್ಮಿತ ಜೌಗು ಪ್ರದೇಶ

ನೀರು ಇಂಗದಂತೆ ತಳವನ್ನು ಭದ್ರಪಡಿಸಿದ ತಗ್ಗಿನಲ್ಲಿ ಜಲ್ಲಿ ಮತ್ತು ಮರಳನ್ನು ತುಂಬಿ, ಆಪು, ಜೊಂಡು ಮುಂತಾದ ಸಸ್ಯಗಳನ್ನು ಬೆಳೆಸಿ, ಅದರ ಮೂಲಕ ಕೊಳಚೆ ನೀರನ್ನು ಹಾಯಿಸಲಾಗುತ್ತದೆ. ಜಲ್ಲಿಯಿಲ್ಲದ, ತೆರೆದ ನೀರಿನ ಮಾದರಿಯೂ ಬಳಕೆಯಲ್ಲಿದೆ. ಜರ್ಮನಿಯ ವಿಜ್ಞಾನಿ ಕೇಟೆ ಸೈಡೆಲ್ ಅವರು 1950ರ ದಶಕದಲ್ಲಿ ಈ ಕುರಿತು ಆರಂಭಿಕ ಪ್ರಯೋಗಗಳನ್ನು ನಡೆಸಿದರು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಜೌಗು ಪ್ರದೇಶದ ಮೂಲಕ ಹಾದು ಕೆರೆಯನ್ನು ಸೇರುವ ವ್ಯವಸ್ಥೆಯನ್ನು ಮಾಡಲಾಗಿದೆ.

ಸಾರಜನಕ ನಿವಾರಣೆಯ ಹಂತಗಳು

ಸಸ್ಯಗಳು ಹೀರಿಕೊಳ್ಳುವ ಸಾರಜನಕವು ಸಾಮಾನ್ಯವಾಗಿ ಅಲ್ಪಪ್ರಮಾಣದ್ದು. ಹೆಚ್ಚಿನ ಕಾರ್ಯವನ್ನು ಜಲ್ಲಿ ಹಾಗೂ ಬೇರುಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಎರಡು ಹಂತಗಳಲ್ಲಿ ನಿರ್ವಹಿಸುತ್ತವೆ.

1. ನೈಟ್ರೀಕರಣ: ಆಮ್ಲಜನಕವಿರುವೆಡೆ ಅಮೋನಿಯಾವು ನೈಟ್ರೇಟ್ ಆಗಿ ಮಾರ್ಪಡುತ್ತದೆ. ಅಮೋನಿಯಾ ರೂಪದ 1 ಗ್ರಾಂ ಸಾರಜನಕಕ್ಕೆ ಸುಮಾರು 4.6 ಗ್ರಾಂ ಆಮ್ಲಜನಕ ಬೇಕಾಗುತ್ತದೆ.

2. ವಿನೈಟ್ರೀಕರಣ: ಆಮ್ಲಜನಕವಿಲ್ಲದೆಡೆ, ಸಾವಯವ ಇಂಗಾಲದ ನೆರವಿನಿಂದ ನೈಟ್ರೇಟ್ ಸಾರಜನಕ ಅನಿಲವಾಗಿ ವಾಯುಮಂಡಲವನ್ನು ಸೇರುತ್ತದೆ.

ಈ ಎರಡು ಹಂತಗಳಿಗೆ ಪರಸ್ಪರ ವಿರುದ್ಧವಾದ ಪರಿಸ್ಥಿತಿಗಳು ಅವಶ್ಯ. ಆದುದರಿಂದ ಒಂದೇ ಬಗೆಯ ಪಾತಿಯಲ್ಲಿ ಪೂರ್ಣ ನಿವಾರಣೆ ಕಷ್ಟಸಾಧ್ಯ.

ದಕ್ಷತೆಯನ್ನು ಹೆಚ್ಚಿಸುವ ಕ್ರಮಗಳು

- ನೀರನ್ನು ಮೇಲಿನಿಂದ ಬಿಟ್ಟು ಬಿಟ್ಟು ಹರಿಸುವ ಲಂಬ ಹರಿವಿನ ಪಾತಿಯನ್ನು ಮೊದಲು, ಸದಾ ನೀರು ತುಂಬಿರುವ ಅಡ್ಡ ಹರಿವಿನ ಪಾತಿಯನ್ನು ನಂತರ ನಿರ್ಮಿಸುವುದು. ಮೊದಲನೆಯದರಲ್ಲಿ ಗಾಳಿ ಒಳಸೇರಿ ನೈಟ್ರೀಕರಣವೂ, ಎರಡನೆಯದರಲ್ಲಿ ವಿನೈಟ್ರೀಕರಣವೂ ನಡೆಯುತ್ತದೆ.
- ಎರಡನೆಯ ಪಾತಿಯಲ್ಲಿ ಇಂಗಾಲದ ಕೊರತೆಯಿದ್ದಲ್ಲಿ ಮರದ ಚಕ್ಕೆಗಳನ್ನು ಬಳಸುವುದು, ಅಥವಾ ಹೊರಬಂದ ನೀರಿನ ಒಂದು ಭಾಗವನ್ನು ಪ್ರಾರಂಭದ ಹಂತಕ್ಕೆ ಮರಳಿಸುವುದು.
- ಸ್ಥಳಾವಕಾಶ ಕಡಿಮೆಯಿದ್ದು ವಿದ್ಯುತ್ ಲಭ್ಯವಿದ್ದಲ್ಲಿ ಪಾತಿಯ ತಳದಿಂದ ಗಾಳಿಯನ್ನು ಊದುವುದು.

ನಿರ್ವಹಣೆ

ಕೊಳಚೆ ನೀರಿನ ಗಸಿಯನ್ನು ತೊಟ್ಟಿಯಲ್ಲಿ ಮೊದಲೇ ತಂಗಿಸತಕ್ಕದ್ದು. ಇಲ್ಲವಾದಲ್ಲಿ ಜಲ್ಲಿಯ ಸಂದುಗಳು ಕಟ್ಟಿಕೊಂಡು ಗಾಳಿಯಾಡದಂತಾಗುತ್ತದೆ. ಒಣಗಿದ ಸಸ್ಯಗಳನ್ನು ಕಟಾವು ಮಾಡಿ ಹೊರಸಾಗಿಸಬೇಕು. ಅಲ್ಲಿಯೇ ಕೊಳೆತರೆ ಅವು ಹೀರಿದ ಸಾರಜನಕವು ಮತ್ತೆ ನೀರನ್ನು ಸೇರುತ್ತದೆ. ಚಳಿಗಾಲದಲ್ಲಿ ಬ್ಯಾಕ್ಟೀರಿಯಾಗಳ ಚಟುವಟಿಕೆ ತಗ್ಗುವುದನ್ನು ವಿನ್ಯಾಸದಲ್ಲಿ ಗಮನಿಸಬೇಕು.

ಹೊರಹರಿವಿನ ನೀರಿನಲ್ಲಿ ಅಮೋನಿಯಾ ಹಾಗೂ ನೈಟ್ರೇಟ್ ಎರಡನ್ನೂ ನಿಯತವಾಗಿ ಪರೀಕ್ಷಿಸುವುದು ಅವಶ್ಯ. ಅಮೋನಿಯಾ ಹೆಚ್ಚಿದ್ದಲ್ಲಿ ಆಮ್ಲಜನಕದ ಕೊರತೆಯನ್ನೂ, ನೈಟ್ರೇಟ್ ಹೆಚ್ಚಿದ್ದಲ್ಲಿ ಎರಡನೆಯ ಹಂತದ ನ್ಯೂನತೆಯನ್ನೂ ಮೊದಲು ಪರಿಶೀಲಿಸತಕ್ಕದ್ದು. ನೀರು ತಿಳಿಯಾಗಿ ಕಂಡಮಾತ್ರಕ್ಕೆ ಸಾರಜನಕ ನಿವಾರಣೆಯಾಗಿದೆಯೆಂದು ಭಾವಿಸಬಾರದು.