ಆಲ್ಡಿಹೈಡ್

ಮದ್ಯಸಾರದ ಕುಲಕ್ಕೆ ಸೇರಿದ ದ್ರವ್ಯಗಳು ತಮ್ಮೊಳಗಿನ ಜಲಜನಕದ ಎರಡು ಪರಮಾಣುಗಳನ್ನು ನೀಗಿಕೊಂಡಾಗ ಉದ್ಭವಿಸುವ ಒಂದು ವರ್ಗದ ಸಂಯುಕ್ತಗಳಿಗೆ ಈ ಹೆಸರು ಸಲ್ಲುತ್ತದೆ. ಜರ್ಮನಿಯ ಗೀಸೆನ್ ನಗರದ ರಸಾಯನಾಚಾರ್ಯ ಲೀಬಿಗ್, 1835ರಲ್ಲಿ, 'ಜಲಜನಕವನ್ನು ಕಳೆದುಕೊಂಡ ಆಲ್ಕೊಹಾಲ್' ಎಂಬರ್ಥದ 'ಆಲ್ಕೊಹಾಲ್ ಡಿಹೈಡ್ರೊಜೆನಾಟಸ್' ಎಂಬ ಲ್ಯಾಟಿನ್ ಪದಯುಗ್ಮದ ಆದಿಭಾಗಗಳನ್ನು ಬೆಸೆದು ಇದನ್ನು ನಿರ್ಮಿಸಿದನು. ಆಲ್ಕೊಹಾಲ್ ಶಬ್ದವಾದರೋ ಕಣ್ಗಪ್ಪಿನ ನುಣುಪಾದ ಪುಡಿಯನ್ನು ಸೂಚಿಸುವ ಅರಬ್ಬಿಯ 'ಅಲ್-ಕುಹ್ಲ್' ಎಂಬುದರಿಂದ ಬಂದುದಾಗಿರುವುದರಿಂದ, ನಮ್ಮ ಪದದ ಮೊದಲಲ್ಲಿ ಉಳಿದಿರುವುದು ಆ ಭಾಷೆಯ ಉಪಪದವೊಂದೇ.

ಅದೇ 1835ರಲ್ಲಿ ಸ್ವೀಡನ್ನಿನ ರಸಾಯನಜ್ಞ ಬರ್ಜೀಲಿಯಸನು, ತಾವು ವ್ಯಯವಾಗದೆ ಕ್ರಿಯೆಯನ್ನು ಪ್ರಚೋದಿಸುವ ವಸ್ತುಗಳ ವ್ಯಾಪಾರಕ್ಕೆ, 'ಬಿಚ್ಚುವಿಕೆ' ಎಂಬರ್ಥದ ಗ್ರೀಕ್ ಮೂಲದಿಂದ 'ಕೆಟಾಲಿಸಿಸ್' ಎಂಬ ಹೆಸರನ್ನು ರೂಢಿಗೆ ತಂದನು. ಕನ್ನಡದಲ್ಲಿ ಅಂಥ ವಸ್ತುವು 'ಕ್ರಿಯಾವರ್ಧಕ'ವೆನಿಸಿದೆ. ಆಲ್ಡಿಹೈಡ್, ಕೆಟಾಲಿಸಿಸ್ ಎಂಬ ಈ ಎರಡು ಪದಗಳ ಸಖ್ಯ ಪ್ರಯೋಗದಲ್ಲಿಯೂ ಸಿದ್ಧಿಸಿತು: ಲೀಬಿಗನ ಶಿಷ್ಯ ಹಾಫ್‌ಮನ್ನನು 1867ರಲ್ಲಿ ಮೆಥನಾಲಿನ ಆವಿಯನ್ನೂ ಗಾಳಿಯನ್ನೂ ಕ್ರಿಯಾವರ್ಧಕವಾದ ಕಾದ ಪ್ಲಾಟಿನಮ್ ತಂತಿಯ ಮೇಲೆ ಹಾಯಿಸಿ ಫಾರ್ಮಾಲ್ಡಿಹೈಡನ್ನು ಪಡೆದನು. ಇಂದು ಕಾರ್ಖಾನೆಗಳಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಬೆಳ್ಳಿಯಾಗಲಿ, ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಕಬ್ಬಿಣ-ಮಾಲಿಬ್ಡಿನಮ್ ಆಕ್ಸೈಡಾಗಲಿ ಈ ಕಾರ್ಯವನ್ನು ನೆರವೇರಿಸುತ್ತದೆ. ಆಮ್ಲಜನಕವು ಜಲಜನಕವನ್ನು ಸೆಳೆದು ನೀರಾಗುತ್ತದೆ. ಆದರೆ ಉತ್ಕರ್ಷಣವು ಅಲ್ಲಿಗೇ ನಿಲ್ಲದೆ ಮುಂದುವರಿದರೆ ಆಲ್ಡಿಹೈಡ್ ಆಮ್ಲವಾಗಿ ಪರಿಣಮಿಸುವುದರಿಂದ, ನಡುವಣ ಹಂತದಲ್ಲಿ ಅದನ್ನು ತಡೆದು ನಿಲ್ಲಿಸುವುದರಲ್ಲಿಯೇ ಕ್ರಿಯಾವರ್ಧಕದ ಆಯ್ಕೆಯ ಕೌಶಲವಿರುವುದು.

ಪ್ರಯೋಗ: ಅಸಿಟಾಲ್ಡಿಹೈಡ್, ಕಹಿಬಾದಾಮಿಯ ಪರಿಮಳವುಳ್ಳ ಬೆಂಜಾಲ್ಡಿಹೈಡ್, ಜೀವಶಾಸ್ತ್ರದ ಮಾದರಿಗಳನ್ನು ಕೆಡದಂತೆ ಕಾಪಿಡುವ ಫಾರ್ಮಲಿನ್, ಅರ್ಥಾತ್ ಫಾರ್ಮಾಲ್ಡಿಹೈಡಿನ ಜಲದ್ರಾವಣ.