ಭಯೋತ್ಪಾದನಾ ಕೃತ್ಯಗಳಲ್ಲಿ ವಿದೇಶಿ ಸರ್ಕಾರದ ಕೈವಾಡ: ತನಿಖೆಯ ಕ್ರಮ ಮತ್ತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಭಯೋತ್ಪಾದನಾ ಕೃತ್ಯವೊಂದು ನಡೆದಾಗ ಅದನ್ನು ಎಸಗಿದವರು ಯಾರು ಎಂಬುದು ಮೊದಲನೆಯ ಪ್ರಶ್ನೆ. ಅವರ ಬೆನ್ನ ಹಿಂದೆ ಯಾವುದಾದರೂ ವಿದೇಶಿ ಸರ್ಕಾರವಿತ್ತೇ ಎಂಬುದು ಎರಡನೆಯ ಪ್ರಶ್ನೆ. ಎರಡನೆಯದಕ್ಕೆ ಉತ್ತರ ದೊರೆಯಲು ಹಲವು ವರ್ಷಗಳೇ ಹಿಡಿಯುತ್ತವೆ. ಈ ಕುರಿತು ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಪರಿಶೀಲಿಸಲಾಗುವ ಅಂಶಗಳು

ಆರೋಪಿಯು ಪರದೇಶದ ಪ್ರಜೆ ಎಂಬ ಮಾತ್ರಕ್ಕೆ ಆ ದೇಶದ ಸರ್ಕಾರವು ಹೊಣೆಯಾಗುವುದಿಲ್ಲ. ತನಿಖೆಯಲ್ಲಿ ಮುಖ್ಯವಾಗಿ ಈ ಅಂಶಗಳನ್ನು ಗಮನಿಸಲಾಗುತ್ತದೆ:

ಅ) ತರಬೇತಿ, ಹಣ, ಶಸ್ತ್ರಾಸ್ತ್ರ ಹಾಗೂ ಆಶ್ರಯ ನೀಡಿದವರು ಯಾರು;
ಆ) ಅವರು ಸರ್ಕಾರಿ ಅಧಿಕಾರಿಗಳೇ ಅಥವಾ ಖಾಸಗಿ ವ್ಯಕ್ತಿಗಳೇ;
ಇ) ಅಧಿಕಾರಿಗಳಾಗಿದ್ದಲ್ಲಿ, ಮೇಲಧಿಕಾರಿಗಳ ಆದೇಶದಂತೆ ನಡೆದುಕೊಂಡರೇ ಅಥವಾ ಸ್ವಂತ ಇಚ್ಛೆಯಿಂದಲೇ.

ಮೂರನೆಯ ಅಂಶವನ್ನು ರುಜುವಾತುಪಡಿಸುವುದು ಅತ್ಯಂತ ಕಠಿಣ. ಆದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1373ನೇ ನಿರ್ಣಯದ (2001) ಪ್ರಕಾರ, ಯಾವುದೇ ರಾಷ್ಟ್ರವು ಭಯೋತ್ಪಾದಕರಿಗೆ ಪ್ರತ್ಯಕ್ಷವಾಗಿಯಾಗಲಿ ಪರೋಕ್ಷವಾಗಿಯಾಗಲಿ ಬೆಂಬಲ ನೀಡತಕ್ಕದ್ದಲ್ಲ.

2. ಮುಂಬೈ ದಾಳಿ ಪ್ರಕರಣ (2008)

2008ರ ನವೆಂಬರ್ 26ರಂದು ಆರಂಭವಾದ ದಾಳಿಯಲ್ಲಿ 166 ಜನರು ಮೃತಪಟ್ಟರು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರು ತಾಜ್ ಹೋಟೆಲಿನ ಕಾರ್ಯಾಚರಣೆಯಲ್ಲಿ ವೀರಮರಣ ಹೊಂದಿದರು. ಸೆರೆಸಿಕ್ಕ ಏಕೈಕ ದಾಳಿಕೋರ ಕಸಬ್‌ನ ಹೇಳಿಕೆ, ದಾಳಿಕೋರರು ಬಳಸಿದ ಉಪಗ್ರಹ ದೂರವಾಣಿ ಹಾಗೂ ಧ್ವನಿಮುದ್ರಿತ ಸಂಭಾಷಣೆಗಳು ಲಷ್ಕರ್-ಎ-ತೊಯ್ಬಾದತ್ತ ಬೊಟ್ಟು ಮಾಡಿದವು. ಸಂಚಿನ ಒಂದು ಭಾಗವು ತನ್ನ ನೆಲದಲ್ಲಿ ನಡೆದಿತ್ತೆಂದು ಪಾಕಿಸ್ತಾನವು 2009ರ ಫೆಬ್ರವರಿಯಲ್ಲಿ ಒಪ್ಪಿಕೊಂಡಿತು.

ಸರ್ಕಾರದ ಕೈವಾಡದ ಪ್ರಶ್ನೆಯು ಮುಖ್ಯವಾಗಿ ಡೇವಿಡ್ ಹೆಡ್ಲಿಯ ಹೇಳಿಕೆಯಿಂದ ಮುನ್ನೆಲೆಗೆ ಬಂದಿತು. ತನಗೆ ಹಣ ಹಾಗೂ ಸೂಚನೆ ನೀಡಿದವನು ಐ.ಎಸ್.ಐ.ನ 'ಮೇಜರ್ ಇಕ್ಬಾಲ್' ಎಂದು ಆತ ಸಾಕ್ಷ್ಯ ನುಡಿದನು. 2011ರಲ್ಲಿ ಶಿಕಾಗೋದಲ್ಲಿ ಈ ಹೆಸರಿನ ವ್ಯಕ್ತಿಯ ವಿರುದ್ಧ ದೋಷಾರೋಪಣೆ ಹೊರಿಸಲಾಯಿತು. ಪಾಕಿಸ್ತಾನವು ಐ.ಎಸ್.ಐ. ಪಾತ್ರವನ್ನು ನಿರಾಕರಿಸಿದೆ. ಹೆಡ್ಲಿಯ ಸಹಚರ ತಹವ್ವೂರ್ ರಾಣಾನನ್ನು 2025ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಭಾರತಕ್ಕೆ ಕರೆತಂದು ರಾಷ್ಟ್ರೀಯ ತನಿಖಾ ದಳದ (ಎನ್.ಐ.ಎ.) ವಶಕ್ಕೆ ಪಡೆಯಲಾಯಿತು.

3. ಲಾಕರ್ಬಿ ಪ್ರಕರಣ (1988)

1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ವಿಮಾನವು ಸ್ಫೋಟಗೊಂಡು 270 ಜನರು ಮೃತಪಟ್ಟರು. ಅವಶೇಷಗಳಲ್ಲಿ ದೊರೆತ ಟೈಮರಿನ ಪುಟ್ಟ ಚೂರೊಂದರ ಮೂಲ ಹುಡುಕುತ್ತಾ ಹೋದ ತನಿಖೆಯು ಲಿಬಿಯಾವನ್ನು ತಲುಪಿತು. 2001ರಲ್ಲಿ ಲಿಬಿಯಾದ ಗುಪ್ತಚರ ಅಧಿಕಾರಿಯೊಬ್ಬನಿಗೆ ಶಿಕ್ಷೆಯಾಯಿತು. ತನ್ನ ಅಧಿಕಾರಿಗಳ ಕೃತ್ಯದ ಹೊಣೆಯನ್ನು ಲಿಬಿಯಾ ಸರ್ಕಾರವು ಒಪ್ಪಿಕೊಂಡು ಪರಿಹಾರ ನೀಡಲು ಮುಂದಾದದ್ದು 2003ರಲ್ಲಿ, ಅಂದರೆ ಸುಮಾರು 15 ವರ್ಷಗಳ ನಂತರ.

4. ವಿದೇಶದಿಂದ ಸಾಕ್ಷ್ಯ ಪಡೆಯುವ ವಿಧಾನ

ತನಿಖಾಧಿಕಾರಿಯು ವಿದೇಶಕ್ಕೆ ತೆರಳಿ ನೇರವಾಗಿ ಸಾಕ್ಷ್ಯ ಸಂಗ್ರಹಿಸಲು ಅಧಿಕಾರವಿರುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 112ರನ್ವಯ ನ್ಯಾಯಾಲಯವು ಕೋರಿಕೆ ಪತ್ರವನ್ನು ಹೊರಡಿಸುತ್ತದೆ. ಆ ದೇಶವು ಸಹಕರಿಸದಿದ್ದಲ್ಲಿ ತನಿಖೆಯು ಅಲ್ಲಿಗೇ ತಡೆದು ನಿಲ್ಲುವ ಸಂಭವವುಂಟು. ವಿಳಂಬಕ್ಕೆ ಇದೇ ಪ್ರಮುಖ ಕಾರಣ.

5. ಸಂತ್ರಸ್ತರ ಗಮನಕ್ಕೆ

ಮೇಲ್ಕಂಡ ವಿಳಂಬವು ಪರಿಹಾರಕ್ಕೆ ಅಡ್ಡಿಯಾಗುವುದಿಲ್ಲ. ಭಯೋತ್ಪಾದನಾ ಹಿಂಸೆಗೆ ತುತ್ತಾದ ನಾಗರಿಕರಿಗಾಗಿ 2008ರಲ್ಲಿ ಕೇಂದ್ರ ನೆರವು ಯೋಜನೆಯು ಜಾರಿಗೆ ಬಂದಿತು. ಮರಣ ಅಥವಾ ಶೇ. 50ಕ್ಕಿಂತ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯಕ್ಕೆ ನಿಗದಿಯಾಗಿದ್ದ ರೂ. 3 ಲಕ್ಷವನ್ನು 2016ರಲ್ಲಿ ರೂ. 5 ಲಕ್ಷಕ್ಕೆ ಹೆಚ್ಚಿಸಲಾಯಿತು. ದಾಳಿಯ ಹಿಂದೆ ಯಾವ ಸರ್ಕಾರವಿತ್ತು ಎಂಬುದನ್ನು ಅರ್ಜಿದಾರರು ಸಾಬೀತುಪಡಿಸಬೇಕಾಗಿಲ್ಲ. ತನಿಖೆ ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ. ಅರ್ಜಿಗೆ ಸಂಬಂಧಿಸಿದ ವಿವರಗಳಿಗೆ ಜಿಲ್ಲಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.