ಮನೆಯ ಸೌರವಿದ್ಯುತ್ ಮತ್ತು ಬ್ಯಾಟರಿ ಸಂಗ್ರಹಣೆ (ದಾವಣಗೆರೆ ಜಿಲ್ಲೆ)

ಮನೆಯ ಸೌರವಿದ್ಯುತ್ ವ್ಯವಸ್ಥೆ ಎಂದರೆ ವಾಸದ ಮನೆಯ ಮೇಲ್ಛಾವಣಿಯಲ್ಲಿ ಅಳವಡಿಸಿದ ಫಲಕಗಳ ಮೂಲಕ ಸೂರ್ಯನ ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸಿ ಬಳಸುವ ವ್ಯವಸ್ಥೆ. ಹಗಲಿನಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ರಾತ್ರಿಯ ಅಥವಾ ವಿದ್ಯುತ್ ಕಡಿತದ ವೇಳೆಯ ಉಪಯೋಗಕ್ಕಾಗಿ ಕೂಡಿಡುವ ಸಾಧನವೇ ಬ್ಯಾಟರಿ. ನೀರು ಕಾಯಿಸುವ ಸೌರ ಹೀಟರನ್ನೂ ಆಡುಮಾತಿನಲ್ಲಿ 'ಸೋಲಾರ್' ಎಂದೇ ಕರೆಯುವುದುಂಟು. ಆದರೆ ಅದು ಶಾಖವನ್ನು ಮಾತ್ರ ಹೀರಿಕೊಳ್ಳುತ್ತದೆ, ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ.

ಪ್ರಾದೇಶಿಕ ಹಿನ್ನೆಲೆ

ಕರ್ನಾಟಕದ ದಾವಣಗೆರೆ ಜಿಲ್ಲೆಯು 1997ರಲ್ಲಿ ರಚನೆಯಾಯಿತು. ಅಂದು ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಿಂದಲೂ ಇದಕ್ಕೆ ಸೇರಿದವು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ನಂತರ ಪ್ರತ್ಯೇಕ ತಾಲ್ಲೂಕಾಯಿತು. ಜಿಲ್ಲೆಗೆ ವಿದ್ಯುತ್ ವಿತರಿಸುವ ಸಂಸ್ಥೆ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ (ಬೆಸ್ಕಾಂ).

ಈ ನಾಲ್ಕು ತಾಲ್ಲೂಕುಗಳ ಪರಿಸರ ಒಂದೇ ಬಗೆಯದಲ್ಲ. ಬಯಲುಸೀಮೆಯ ಜಗಳೂರು ಮಳೆ ಕಡಿಮೆಯ, ಬರಪೀಡಿತ ಪ್ರದೇಶ. ಅಲ್ಲಿ ಬಿಸಿಲು ಹೇರಳವಾಗಿದ್ದರೂ ಫಲಕಗಳ ಮೇಲೆ ಧೂಳು ಕೂರುವುದು ಹೆಚ್ಚು. ಚನ್ನಗಿರಿ ಮತ್ತು ನ್ಯಾಮತಿ ಮಲೆನಾಡಿನ ಅಂಚಿಗೆ ಹತ್ತಿರವಿರುವುದರಿಂದ ಮಳೆಗಾಲದ ಮೋಡ ಉತ್ಪಾದನೆಯನ್ನು ತಗ್ಗಿಸುತ್ತದೆ. ಅಡಿಕೆ ತೋಟದ ನಡುವಿನ ಮನೆಗಳಿಗೆ ಮರಗಳ ನೆರಳೇ ಮುಖ್ಯ ಅಡಚಣೆ. ಫಲಕದ ಕೋಶಗಳು ಸರಣಿಯಲ್ಲಿ ಜೋಡಣೆಗೊಂಡಿರುವುದರಿಂದ ಒಂದು ಮೂಲೆಗೆ ಬಿದ್ದ ನೆರಳೂ ಇಡೀ ಸಾಲಿನ ಉತ್ಪಾದನೆಯನ್ನು ಕುಗ್ಗಿಸಬಲ್ಲದು.

ಇತಿಹಾಸ

ಬೆಳಕಿನಿಂದ ವಿದ್ಯುತ್ ಹುಟ್ಟುವ ವಿದ್ಯಮಾನವನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿ ಗುರುತಿಸಿದನು. ಬಳಕೆಗೆ ಯೋಗ್ಯವಾದ ಸಿಲಿಕಾನ್ ಸೌರಕೋಶವನ್ನು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ಪ್ರದರ್ಶಿಸಿತು. ಕರ್ನಾಟಕದಲ್ಲಿ 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯು ಗ್ರಾಮೀಣ ಮನೆಗಳಿಗೆ ಫಲಕ, ಬ್ಯಾಟರಿ ಮತ್ತು ದೀಪಗಳನ್ನೊಳಗೊಂಡ ಸಣ್ಣ ವ್ಯವಸ್ಥೆಗಳನ್ನು ಬ್ಯಾಂಕ್ ಸಾಲದ ನೆರವಿನಿಂದ ಒದಗಿಸಿತು. ಅದರ ಸಂಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ವಿಧಗಳು

ಜಾಲ ಸಂಪರ್ಕಿತ ವ್ಯವಸ್ಥೆ: ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಮನೆಯ ಬಳಕೆಗೆ ಮಿಕ್ಕ ವಿದ್ಯುತ್ತು ಬೆಸ್ಕಾಂ ಜಾಲಕ್ಕೆ ಹರಿಯುತ್ತದೆ. ಎರಡೂ ದಿಕ್ಕಿನ ಹರಿವನ್ನು ಅಳೆಯುವ ಮೀಟರಿನ ಮೂಲಕ ಪಡೆದ ಮತ್ತು ಕೊಟ್ಟ ಯೂನಿಟ್‌ಗಳನ್ನು ಲೆಕ್ಕಹಾಕುವ ಪದ್ಧತಿಗೆ ನೆಟ್ ಮೀಟರಿಂಗ್ ಎಂದು ಹೆಸರು. ಜಾಲದಲ್ಲಿ ವಿದ್ಯುತ್ ನಿಂತಾಗ ಈ ವ್ಯವಸ್ಥೆಯೂ ತಾನಾಗಿ ನಿಲ್ಲುತ್ತದೆ. ದುರಸ್ತಿಗಾಗಿ ಕಂಬ ಹತ್ತಿದ ಲೈನ್‌ಮನ್‌ಗೆ ಮನೆಯಿಂದ ಹರಿದ ವಿದ್ಯುತ್ ತಗುಲಬಾರದೆಂಬುದೇ ಇದಕ್ಕೆ ಕಾರಣ. ಆದುದರಿಂದ ಬಿಸಿಲಿದ್ದರೂ ಕಡಿತದ ವೇಳೆ ಮನೆಯಲ್ಲಿ ವಿದ್ಯುತ್ ಇರುವುದಿಲ್ಲ.

ಸ್ವತಂತ್ರ ವ್ಯವಸ್ಥೆ: ಇದು ಜಾಲವನ್ನು ಅವಲಂಬಿಸದೆ ಬ್ಯಾಟರಿಯ ಮೂಲಕವೇ ನಡೆಯುತ್ತದೆ. ತೋಟದ ಒಂಟಿ ಮನೆಗಳಿಗೆ ಸೂಕ್ತ.

ಮಿಶ್ರ ವ್ಯವಸ್ಥೆ: ಇದಕ್ಕೆ ಜಾಲವೂ ಉಂಟು, ಬ್ಯಾಟರಿಯೂ ಉಂಟು. ಕಡಿತದ ವೇಳೆ ಇದು ಮನೆಯನ್ನು ಜಾಲದಿಂದ ಬೇರ್ಪಡಿಸಿ ಆಯ್ದ ದೀಪ, ಫ್ಯಾನುಗಳನ್ನು ನಡೆಸುತ್ತದೆ. ವೆಚ್ಚ ಮಾತ್ರ ಅಧಿಕ.

ಸಾಮರ್ಥ್ಯ ಮತ್ತು ಲೆಕ್ಕಾಚಾರ

ಒಂದು ಕಿಲೋವ್ಯಾಟ್ ಸಾಮರ್ಥ್ಯಕ್ಕೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಜಾಗ ಬೇಕು. ಅದರಿಂದ ದಿನಕ್ಕೆ ಸರಾಸರಿ 4 ಯೂನಿಟ್ ದೊರೆಯುತ್ತದೆ. ಈ ಲೆಕ್ಕದಂತೆ 3 ಕಿಲೋವ್ಯಾಟ್ ಘಟಕದ ಮಾಸಿಕ ಉತ್ಪಾದನೆ ಸುಮಾರು 360 ಯೂನಿಟ್. ಈ ತಾಲ್ಲೂಕುಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಫಲಕಗಳನ್ನು ದಕ್ಷಿಣಕ್ಕೆ ಮುಖಮಾಡಿ ಸರಿಸುಮಾರು ಅಷ್ಟೇ ಡಿಗ್ರಿ ಓರೆಯಾಗಿ ಇಡುವುದು ವಾಡಿಕೆ.

ಬ್ಯಾಟರಿ

12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1.8 ಯೂನಿಟ್ ವಿದ್ಯುತ್ ಅಡಗಿರುತ್ತದೆ. ಸೀಸ-ಆಮ್ಲದ ಬ್ಯಾಟರಿಯಾದರೆ ಬಾಳಿಕೆಯ ದೃಷ್ಟಿಯಿಂದ ಅರ್ಧದಷ್ಟನ್ನು, ಅಂದರೆ 0.9 ಯೂನಿಟ್‌ನಷ್ಟನ್ನು ಮಾತ್ರ ಬಳಸುವುದು ಒಳಿತು. 9 ವ್ಯಾಟ್‌ನ ನಾಲ್ಕು ದೀಪ ಹಾಗೂ 70 ವ್ಯಾಟ್‌ನ ಎರಡು ಫ್ಯಾನುಗಳನ್ನು ನಾಲ್ಕು ಗಂಟೆ ನಡೆಸಲು ಸುಮಾರು 0.7 ಯೂನಿಟ್ ಬೇಕಾಗುವುದರಿಂದ ಇದು ಸಾಕಾಗುತ್ತದೆ. ಬೋರ್‌ವೆಲ್ ಮೋಟಾರು, ಗೀಸರ್‌ಗಳಿಗೆ ಇದು ಸಾಲದು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳ ಬೆಲೆ ಹೆಚ್ಚು. ಆದರೆ ಅವುಗಳ ಸಾಮರ್ಥ್ಯದ ಬಹುಪಾಲನ್ನು ಬಳಸಬಹುದು, ಬಾಳಿಕೆಯೂ ದೀರ್ಘ.

ಸಹಾಯಧನ ಮತ್ತು ಗೃಹಜ್ಯೋತಿ

ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯು ಒಂದು ಕೋಟಿ ಮನೆಗಳ ಗುರಿ ಹೊಂದಿದೆ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಹೀಗೆ ಗರಿಷ್ಠ 78,000 ರೂ. ಸಹಾಯಧನ ನಿಗದಿಯಾಗಿದೆ. ದೇಶೀಯವಾಗಿ ತಯಾರಾದ ಫಲಕಗಳ ಬಳಕೆ ಕಡ್ಡಾಯ. ಬ್ಯಾಟರಿಯ ವೆಚ್ಚ ಈ ಸಹಾಯಧನದ ವ್ಯಾಪ್ತಿಗೆ ಬರುವುದಿಲ್ಲ.

ಕರ್ನಾಟಕ ಸರ್ಕಾರವು 2023ರಲ್ಲಿ ಜಾರಿಗೊಳಿಸಿದ ಗೃಹಜ್ಯೋತಿ ಯೋಜನೆಯಡಿ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿದ ಪ್ರಮಾಣದ ವಿದ್ಯುತ್ ಉಚಿತ. ಶುಲ್ಕವೇ ಇಲ್ಲದ ಮನೆಗೆ ಸೌರಫಲಕದಿಂದ ಬಿಲ್ಲಿನ ಉಳಿತಾಯ ಅತ್ಯಲ್ಪ. ಅಂಥ ಮನೆಗಳಿಗೆ ಕಡಿತದ ವೇಳೆಯ ಬೆಳಕೇ ಮುಖ್ಯ ಪ್ರಯೋಜನ. ಅದಕ್ಕೆ ಬೇಕಾದ ಬ್ಯಾಟರಿಗೇ ಸಹಾಯಧನವಿಲ್ಲ. ಮಿತಿಯನ್ನು ಮೀರಿ ಬಳಸುವ ದೊಡ್ಡ ಮನೆಗಳಿಗೆ ಜಾಲ ಸಂಪರ್ಕಿತ ವ್ಯವಸ್ಥೆ ಲಾಭದಾಯಕ. ಹೀಗಾಗಿ ಬಿಲ್ಲಿನ ಮೊತ್ತ ಮತ್ತು ಕಡಿತದ ಅವಧಿ ಎರಡನ್ನೂ ನೋಡಿ ವಿಧವನ್ನು ಆರಿಸಬೇಕಾಗುತ್ತದೆ.

ನಿರ್ವಹಣೆ ಮತ್ತು ಸುರಕ್ಷತೆ

ಫಲಕಗಳು ಸಾಮಾನ್ಯವಾಗಿ 25 ವರ್ಷ ಬಾಳುತ್ತವೆ. ಅವುಗಳನ್ನು ಬಿಸಿಲೇರುವ ಮುನ್ನ ತೊಳೆಯಬೇಕು. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಇನ್ವರ್ಟರ್ ನಿಲ್ಲಿಸಿದರೂ ಹಗಲಿನಲ್ಲಿ ಫಲಕದ ತಂತಿಗಳಲ್ಲಿ ವೋಲ್ಟೇಜ್ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿ ಚಾರ್ಜಾಗುವಾಗ ಹೊತ್ತಿಕೊಳ್ಳುವ ಗುಣದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಅದನ್ನು ಗಾಳಿಯಾಡುವ ಸ್ಥಳದಲ್ಲಿಡಬೇಕು ಮತ್ತು ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ಹಳೆಯ ಬ್ಯಾಟರಿಗಳ ವಿಲೇವಾರಿಗೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯಿಸುತ್ತವೆ.